ಹಿಡಿ ಅಕ್ಕಿಯ ಕೊಳಗ

ಕೃಪಾ, ಜೋಯೆಲ್,

ಹೋದ ವಾರ ನಿಮ್ಮ ಅಮ್ಮ ಕೆಲಸಕ್ಕೆ ಹೊರಡುವ ಅವಸರದಲ್ಲಿ ಎರಡು ಚೀಲಗಳ ತಳದಲ್ಲಿ ಉಳಿದಿದ್ದ ಅಕ್ಕಿಯನ್ನು ಒಂದೇ ಪಾತ್ರೆಗೆ ಸುರಿದು ಕುಕ್ಕರ್ ಇಟ್ಟಿದ್ದಳಲ್ಲ, ಅವತ್ತು ಮುಚ್ಚಳ ತೆಗೆದಾಗ ಬಂದ ವಾಸನೆ ನಿಮಗೆ ನೆನಪಿದೆಯೇ? ಒಂದು ಸಣ್ಣಕ್ಕಿ, ಇನ್ನೊಂದು ಇಡ್ಲಿಗೆಂದು ತಂದಿದ್ದ ಕುಸುಬಲಕ್ಕಿ. ಸಣ್ಣಕ್ಕಿಯ ಹಬೆಯಲ್ಲಿ ಹಾಲಿನಂಥ ಒಂದು ಹಿತವಿರುತ್ತದೆ. ಕುಸುಬಲಕ್ಕಿಯದು ನೆನೆದ ಗೋಣಿಚೀಲದಂಥ, ಮಣ್ಣಿನಂಥ ವಾಸನೆ. ಎರಡೂ ಒಟ್ಟಿಗೆ ಎದ್ದಾಗ ನಾನು ಕೈಲಿದ್ದ ಕೆಲಸ ಬಿಟ್ಟು ಕುಕ್ಕರಿನ ಹತ್ತಿರ ಬಂದೆ. ಜೋಯೆಲ್, ನೀನು ಒಂದು ತುತ್ತು ಬಾಯಿಗಿಟ್ಟು, "ಅಜ್ಜಿ, ಇದೇನು ಅರ್ಧ ಅನ್ನ, ಅರ್ಧ ಕಲ್ಲು" ಅಂದೆ. ಕೃಪಾ ತಟ್ಟೆ ಸರಿಸಿದಳು. ನಾನು ಮಾತ್ರ ಇನ್ನೊಂದು ಸಲ ಬಡಿಸಿಕೊಂಡು ಉಂಡೆ. ಯಾಕೆಂದು ಹೇಳಲಿಲ್ಲ. ನಾಲ್ಕು ಜನರ ಎದುರು ಬಾಯಿ ತೆರೆದರೆ ನನಗೆ ಗಂಟಲು ಕಟ್ಟುತ್ತದೆ, ಮೊಮ್ಮಕ್ಕಳ ಎದುರಲ್ಲೂ ಹಾಗೆಯೇ. ಅದಕ್ಕೆ ಬರೆಯುತ್ತಿದ್ದೇನೆ. ಹಳ್ಳಿ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದವಳ ಕನ್ನಡ ಇದು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಮಾಕಳಿಯ ನಮ್ಮ ಮನೆಯನ್ನು ನೀವು ಬಿಟ್ಟಾಗ ಇನ್ನೂ ಚಿಕ್ಕವರು. ಹೆಂಚಿನ ಮನೆ, ಮುಂದೆ ಮಣ್ಣಿನ ಅಂಗಳ, ಅಂಗಳದ ಮೂಲೆಯಲ್ಲಿ ಒಂದು ಹೊಂಗೆ ಮರ. ಮರದ ಆಚೆ ಗೋಡೆ, ಗೋಡೆಯ ಆಚೆ ತುಮಕೂರು ರಸ್ತೆಯ ಲಾರಿಗಳು. ಲಾರಿ ಹೋದಾಗಲೆಲ್ಲ ಗೂಡಿನ ಮೇಲಿದ್ದ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಹೊಸಬರು ಬೆಚ್ಚುತ್ತಿದ್ದರು, ನಮಗೆ ಅದು ಕೇಳಿಸುತ್ತಲೇ ಇರಲಿಲ್ಲ. ನಿಮ್ಮ ತಾತ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದರು, ಕೊನೆಗೆ ಸೂಪರ್‌ವೈಸರ್ ಆದರು. ಎಷ್ಟು ಒಗೆದರೂ ಅವರ ಅಂಗಿಯಿಂದ ಮಿಷನ್ ಎಣ್ಣೆಯ ವಾಸನೆ ಹೋಗುತ್ತಿರಲಿಲ್ಲ. ಆ ಮನೆಯಲ್ಲಿ ನಮ್ಮೊಂದಿಗೆ ಅವರ ಅಕ್ಕ ಮಾರ್ತಮ್ಮ ಇದ್ದರು, ನನಗೆ ಅತ್ತಿಗೆ, ನಿಮಗೆ ದೊಡ್ಡಜ್ಜಿ. ಮದುವೆಯಾದ ಕೆಲವೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು, ಮಕ್ಕಳಿರಲಿಲ್ಲ. ಎತ್ತರದ ಹೆಂಗಸು, ನಕ್ಕರೆ ಬೀದಿಗೆ ಕೇಳಿಸುತ್ತಿತ್ತು. ನಾನು ಆಡದ ಮಾತನ್ನೆಲ್ಲ ಆ ಮನೆಯಲ್ಲಿ ಅವರೇ ಆಡಿದರು.

ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಅತ್ತಿಗೆ ನನಗೆ ಮೊದಲು ಕಲಿಸಿದ್ದು ಹಿಡಿ ಅಕ್ಕಿ ತೆಗೆಯುವುದನ್ನು. ಅಡುಗೆಗೆ ಅಕ್ಕಿ ಅಳೆದ ಮೇಲೆ, ತೊಳೆಯುವ ಮುಂಚೆ, ಒಂದು ಹಿಡಿ ತೆಗೆದು ಒಲೆಯ ಪಕ್ಕದ ಮಣ್ಣಿನ ಗಡಿಗೆಗೆ ಹಾಕಬೇಕು. "ಇದಕ್ಕೇಂತ ಎಚ್ಚಿಗೆ ಅಳೀಬ್ಯಾಡ ಸುಸೀಲಾ. ಮನೆಯೋರಿಗೆ ಅಳೆದಿರೋದ್ರಲ್ಲೇ ತೆಗೀಬೇಕು. ಆಗ ಎಲ್ಲಾರ ತಟ್ಟೇಲೂ ಒಂದೊಂದು ತುತ್ತು ಕಮ್ಮಿ ಆಗ್ತದೆ. ಎಲ್ಲಾರೂ ಕೊಟ್ಟಂಗಾಗ್ತದೆ" ಅಂದಿದ್ದರು. ನಮ್ಮ ಕ್ರೈಸ್ತ ಸಭೆಯ ಎಲ್ಲ ಮನೆಗಳಲ್ಲೂ ಇಂಥದೊಂದು ಗಡಿಗೆಯೋ ಡಬ್ಬಿಯೋ ಇರುತ್ತಿತ್ತು. ಭಾನುವಾರ ಆರಾಧನೆಯಲ್ಲಿ ನಮ್ಮ ಪಾದ್ರಿ ಅಯ್ಯನವರ ಪ್ರಸಂಗ ಮುಗಿದು ಕಾಣಿಕೆಯ ಹಾಡು ಶುರುವಾದರೆ ಹೆಂಗಸರು ಬಟ್ಟೆ ಚೀಲ ಹಿಡಿದು ಒಬ್ಬೊಬ್ಬರಾಗಿ ಮುಂದೆ ಹೋಗಿ, ವೇದಿಕೆಯ ಕೆಳಗಿದ್ದ ದೊಡ್ಡ ಹಿತ್ತಾಳೆ ಕೊಳಗಕ್ಕೆ ಸುರಿಯುತ್ತಿದ್ದರು. ಮೊದಲ ಹಿಡಿಗಳು ಬಿದ್ದಾಗ ಕೊಳಗ ಗಲಗಲ ಎನ್ನುತ್ತಿತ್ತು, ತುಂಬುತ್ತ ಬಂದಂತೆ ಸದ್ದು ಮೆತ್ತಗಾಗುತ್ತಿತ್ತು. ಕಣ್ಣು ಮುಚ್ಚಿ ಕೂತಿದ್ದರೂ ಎಷ್ಟು ತುಂಬಿದೆಯೆಂದು ನನಗೆ ತಿಳಿಯುತ್ತಿತ್ತು.

ಆ ಅಕ್ಕಿ ಹಿಂದೆಲ್ಲ ಸಭೆಯ ಬಡಮನೆಗಳಿಗೆ ಹೋಗುತ್ತಿತ್ತು. ಅತ್ತಿಗೆಯ ಕಾಲಕ್ಕೆ ಅದನ್ನು ಅಡುಗೆ ಮಾಡಿ ಎಲ್ಲರೂ ಕೂತು ಉಣ್ಣುವ ರೂಢಿ ಬಂತು. ಈ ವಾರ ಬಂದ ಅಕ್ಕಿ ಮುಂದಿನ ಭಾನುವಾರ ನಮ್ಮ ಅಂಗಳದಲ್ಲಿ ಬೇಯುತ್ತಿತ್ತು. ಒಂದು ಮನೆಯ ಸಣ್ಣಕ್ಕಿ, ಇನ್ನೊಂದು ಮನೆಯ ರೇಷನ್ ಅಕ್ಕಿ, ತಮಿಳರ ಮನೆಯ ಕುಸುಬಲಕ್ಕಿ, ನುಚ್ಚು, ಎಲ್ಲ ಬೆರೆತ ಅಕ್ಕಿ. ಬೇರೆ ಯಾರಾದರೂ ಬೇಯಿಸಿದರೆ ಒಂದು ಅಂಬಲಿ, ಒಂದು ಕಲ್ಲು. ಅತ್ತಿಗೆ ವಾರವೆಲ್ಲ ಜರಡಿ ಹಿಡಿದು, ಜರಡಿಯಲ್ಲಿ ನಿಂತ ದಪ್ಪಕ್ಕಿಯನ್ನು ಬೇರೆ ನೆನೆಸಿ ಮೊದಲು ಎಸರಿಗೆ ಹಾಕುತ್ತಿದ್ದರು. ಅದು ಅರಳುವ ಹೊತ್ತಿಗೆ ಸಣ್ಣದು, ಕೊನೆಗೆ ನುಚ್ಚು. ಮೇಲೆ ಒದ್ದೆ ಗೋಣಿ ಮುಚ್ಚಿ, ಮುಚ್ಚಳದ ಮೇಲೆ ಕೆಂಡ. ಅಷ್ಟಾದರೂ ಕೆಲವು ಕಾಳು ಹಲ್ಲಿಗೆ ಸಿಗುತ್ತಿದ್ದವು. "ಅಕ್ಕಾ, ಒಂದು ಕಾಳು ಬೆಂದೈತೆ, ಇನ್ನೊಂದು ಇನ್ನೂ ಗದ್ದೇಲೇ ಐತೆ" ಎಂದು ಗಂಡಸರು ರೇಗಿಸಿದರೆ, "ಗದ್ದೇಲಿರೋದನ್ನ ನೀನು ಕುಯ್ಕೊಂಡು ತಿನ್ನಪ್ಪ, ಕೂತು ತಿಂದು ಮೈ ಬಂದೈತೆ" ಎನ್ನುತ್ತಿದ್ದರು. ಸೊಪ್ಪಿನ ಬಸ್ಸಾರು, ಈರುಳ್ಳಿ, ಆ ಅನ್ನ. ಆ ಊಟಕ್ಕೆ ನಿಮ್ಮ ತಾತ ಒಂದು ದಿನವೂ ಕೂತವರಲ್ಲ. ಬೆಂಚು ಎತ್ತಿಡುವರು, ನೀರು ತುಂಬುವರು, ಎಲ್ಲರಿಗೂ ಬಡಿಸುವರು. ಆಮೇಲೆ ಒಳಗೆ ಬಂದು, "ಬೆಳಗಿನ ಮುದ್ದೆ ಇದೆಯೇನೇ?" ಎಂದು ಕೇಳಿ, ಒಬ್ಬರೇ ಕೂತು ಉಣ್ಣುವರು. ನಾನು ಯಾಕೆಂದು ಕೇಳಿರಲಿಲ್ಲ.

ಆ ವರ್ಷಗಳಲ್ಲಿ ಹೆದ್ದಾರಿಯ ಆಚೆ ಒಂದರ ಪಕ್ಕ ಒಂದು ಗೋದಾಮು ಏಳುತ್ತಿತ್ತು. ಕಟ್ಟುವವರು ರಾಯಚೂರು, ಗುಲ್ಬರ್ಗ ಕಡೆಯಿಂದ ಬಂದು ತಗಡಿನ ಶೆಡ್ಡುಗಳಲ್ಲಿ ಇರುತ್ತಿದ್ದರು. ಅವರಲ್ಲಿ ಕೆಲವರು ತಮ್ಮ ಊರಿನಲ್ಲಿಯೂ ಸಭೆಯವರೇ. ಭಾನುವಾರ ನಮ್ಮ ದೇವಾಲಯಕ್ಕೆ ಬಂದು ಹಿಂದಿನ ಚಾಪೆಯ ಮೇಲೆ ಕೂರುತ್ತಿದ್ದರು, ಆಮೇಲೆ ನಮ್ಮ ಅಂಗಳದಲ್ಲಿ ಉಣ್ಣುತ್ತಿದ್ದರು. ಶಾಂತಮ್ಮ ಎಂಬವಳು ಅವರಲ್ಲೊಬ್ಬಳು. ಸಿಮೆಂಟು ಹೊತ್ತು ಹೊತ್ತು ಅಂಗೈ ಬಿರುಕು ಬಿಟ್ಟಿದ್ದ, ಹಣೆಯಲ್ಲಿ ಹಚ್ಚೆಯಿದ್ದ ಹೆಂಗಸು. ಒಂದು ಭಾನುವಾರ ಕಾಣಿಕೆಯ ಹಾಡು ನಡೆಯುವಾಗ ಅವಳು ಚಾಪೆಯಿಂದ ಎದ್ದು ಮುಂದೆ ಹೋದಳು. ಸೆರಗಿನ ಗಂಟು ಬಿಚ್ಚಿ ಕೊಳಗಕ್ಕೆ ಸುರಿದಳು. ಅಕ್ಕಿಯ ಸದ್ದಿಗಿಂತ ಬೇರೆ ಸದ್ದು, ಮಣಿ ಉದುರಿದ ಹಾಗೆ. ಜೋಳ. ಅವಳು ಅಷ್ಟಕ್ಕೇ ನಿಲ್ಲದೆ, ನಮ್ಮ ಊರ ಹೆಂಗಸರು ಮಾಡುವುದನ್ನು ನೋಡಿದ್ದವಳು, ಕೈ ಹಾಕಿ ಚೆನ್ನಾಗಿ ಬೆರೆಸಿಯೂ ಬಿಟ್ಟಳು.

ಆರಾಧನೆ ಮುಗಿದ ಮೇಲೆ ಕೊಳಗದ ಸುತ್ತ ಹೆಂಗಸರು ಸೇರಿದರು. ನಮ್ಮ ಪಕ್ಕದ ಮನೆಯ ರೀಟಮ್ಮ, "ಯಾರ್ರೀ ಇದು ಅಕ್ಕಿಗೆ ಜೋಳ ಹಾಕಿರೋದು? ಕೋಳಿ ಸಾಕ್ತಾ ಇದೀವಾ ನಾವು?" ಅಂದಳು. ಶಾಂತಮ್ಮ ಹೆದರಲಿಲ್ಲ. "ನಾನ್ರೀ ಯವ್ವಾ. ಉಣ್ಣೋದ್ರಾಗ ಒಂದ್ ಹಿಡಿ ತಗೀರಿ ಅಂತ ಅಯ್ಯನೋರು ಹೇಳಿದ್ರಲ್ಲ. ನಾವು ಉಣ್ಣೋದು ಜ್ವಾಳ. ನೀವು ಉಣ್ಣೋದನ್ನ ನಾ ಎಲ್ಲಿಂದ ತರ್ಲಿ?" ಅಂದಳು. ಅತ್ತಿಗೆ ಬಿದ್ದು ಬಿದ್ದು ನಕ್ಕರು. "ಸುಮ್ಕಿರು ರೀಟಾ, ನಿನ್ನ ರೇಷನ್ ಅಕ್ಕೀಲಿ ಕಲ್ಲು ಬತ್ತಿದ್ದಾಗ ಮನೆ ಕಟ್ಟೋಕಾ ಅಂತ ನಾವು ಕೇಳಿದ್ವಾ?" ಎಂದು ಕೊಳಗವನ್ನು ಸೊಂಟಕ್ಕೇರಿಸಿಕೊಂಡು ನಡೆದರು. ಜೋಳ ಬೆರೆತ ಅಕ್ಕಿಯನ್ನು ಯಾವ ಜರಡಿಯೂ ಪೂರ್ತಿ ಬೇರೆ ಮಾಡಲಾರದು. ಅವರು ಸಿಕ್ಕಷ್ಟು ಬೇರೆ ಮಾಡಿ, ಉಳಿದದ್ದನ್ನು ಹಿಟ್ಟಿನ ಗಿರಣಿಗೆ ಹಾಕಿಸಿದರು.

ಮುಂದಿನ ಭಾನುವಾರ ನಮ್ಮ ಅಂಗಳದಲ್ಲಿ ಅಕ್ಕಿ ಜೋಳ ಬೆರೆತ ಹಿಟ್ಟಿನ ರೊಟ್ಟಿ. ಶಾಂತಮ್ಮ ಮತ್ತು ಅವಳ ಜೊತೆಯವರು ಸಾಲಾಗಿ ಕೂತು ತಟ್ಟಿದರು. ರೊಟ್ಟಿ ತಟ್ಟುವ ಸದ್ದು ಲಾರಿಗಳ ಸದ್ದನ್ನು ಮೀರಿಸಿತು. ನೀವಿಬ್ಬರೂ ಅವತ್ತು ಅಲ್ಲೇ ಇದ್ದಿರಿ. ಕೃಪಾ ಶಾಂತಮ್ಮನ ತಾಳಕ್ಕೆ ಬರಿ ನೆಲವನ್ನೇ ತಟ್ಟುತ್ತಿದ್ದಳು. ಜೋಯೆಲ್, ನೀನು ಒಂದು ರೊಟ್ಟಿಯನ್ನು ಟೋಪಿಯ ಹಾಗೆ ತಲೆ ಮೇಲಿಟ್ಟುಕೊಂಡು ಅಂಗಳವಿಡೀ ಓಡಿದೆ, ಅದು ಬಿಸಿಯೆಂದು ಆಮೇಲೆ ಅತ್ತೆ. ಶಾಂತಮ್ಮ ನಿನ್ನ ತಲೆಗೆ ಬೆಣ್ಣೆ ಸವರಿದಳು. ಆವರೆಗೆ ತಲೆ ತಗ್ಗಿಸಿ ಉಂಡು ಹೋಗುತ್ತಿದ್ದ ಶೆಡ್ಡಿನ ಜನ ಅವತ್ತು ನಮ್ಮೂರಿನವರಿಗೆ ಬಡಿಸಿದರು. "ಇನ್ನೊಂದು ಹಾಕ್ಸಿಕೊಳ್ರೀ ಅಣ್ಣಾರ, ನಮ್ಮ ಜ್ವಾಳ ಐತಿ" ಎಂದು ಅವರು ಒತ್ತಾಯ ಮಾಡುತ್ತಿದ್ದ ದನಿ ನನ್ನ ಕಿವಿಯಲ್ಲಿದೆ. ಆ ಅಂಗಳದಲ್ಲಿ ನಾನು ಕಂಡ ಅತ್ಯಂತ ಚೆಂದದ ಊಟ ಅದು.

ಊಟ ನಡೆಯುತ್ತಿದ್ದಾಗ ಗೇಟಿನ ಹತ್ತಿರ ಒಬ್ಬರು ಬೈಕು ನಿಲ್ಲಿಸಿದರು. ನಿಮ್ಮ ತಾತನ ಜೊತೆ ಊರ ಶಾಲೆಯಲ್ಲಿ ಓದಿದವರು, ಆಗ ಜಾಗದ ವ್ಯಾಪಾರ ಮಾಡುತ್ತಿದ್ದರು. ತಾತ ನೀರಿನ ಕೊಡ ಹಿಡಿದು ನಿಂತಿದ್ದರು. "ಏನ್ ಸತ್ಯ, ಜನ ಜೋರಾಗಿ ಸೇರಿಸ್ತಾ ಇದೀಯಾ? ಅಕ್ಕಿಯಿಂದ ರೊಟ್ಟಿಗೆ ಪ್ರಮೋಷನ್ನಾ?" ಎಂದು ಅವರು ನಕ್ಕರು. ತಾತನೂ ನಕ್ಕರು. ಒಳಗೆ ಬಂದು ಬಚ್ಚಲಿನಲ್ಲಿ ಬಹಳ ಹೊತ್ತು ಕೈ ತೊಳೆದರು.

ಆ ಮಾತು ಯಾಕೆ ಚುಚ್ಚಿತೆಂದು ಅಂದು ರಾತ್ರಿ ಅವರೇ ಹೇಳಿದ ಮೇಲೆ ನನಗೆ ಗೊತ್ತಾದದ್ದು. ತಾತ ಮತ್ತು ಅತ್ತಿಗೆ ಚಿಕ್ಕವರಿರುವಾಗಲೇ ಅವರ ಅಪ್ಪ ತೀರಿಹೋಗಿದ್ದರು. ಸಭೆಯ ಹಿಡಿ ಅಕ್ಕಿಯಿಂದಲೇ ಮೂರು ಹೊಟ್ಟೆ ತುಂಬಿದ್ದು. ವಾರಕ್ಕೊಮ್ಮೆ ಅವರ ಅಮ್ಮ ಅಯ್ಯನವರ ಮನೆಯ ಹಿಂಬಾಗಿಲಿಗೆ ಹೋಗುವರು. ಚೀಲದ ಬಾಯಿ ಅಗಲಿಸಿ ಹಿಡಿಯುವ ಕೆಲಸ ತಾತನದು. ಊರ ಹುಡುಗರು ಅದನ್ನು ನೋಡಿ, ಅಕ್ಕಿಗಾಗಿ ದೇವರನ್ನು ಬದಲಾಯಿಸಿದವರು ಎಂದು ಶಾಲೆಯಲ್ಲಿ ಅವರನ್ನು "ಅಕ್ಕಿ ಸತ್ಯ" ಎಂದು ಕೂಗುತ್ತಿದ್ದರು. ಇದನ್ನು ಹೇಳುವಾಗ ಅವರು ನನ್ನನ್ನು ನೋಡಲಿಲ್ಲ, ತಮ್ಮ ಕೈಗಳನ್ನು ನೋಡಿಕೊಳ್ಳುತ್ತಿದ್ದರು. "ಇನ್ನೊಬ್ಬರ ಕೈಲಿ ಆ ಚೀಲ ಹಿಡಿಸಬಾರದು. ಕೊಡೋದಾದ್ರೆ ಯಾರಿಗೂ ಕಾಣದ ಹಾಗೆ ಕೊಡಬೇಕು" ಅಂದರು.

ಸಭೆಯ ಕಮಿಟಿ ಕೂಡಿದ ದಿನ ಗಂಡಸರು ಬೆಂಚಿನ ಮೇಲೆ, ನಾವು ಹೆಂಗಸರು ಬಾಗಿಲ ಹತ್ತಿರ. ಆಗಿನ ಅಯ್ಯನವರು ವಯಸ್ಸಿನಲ್ಲಿ ಚಿಕ್ಕವರು, ಮೆದುಮಾತಿನವರು. ತಾತ ಎದ್ದು ನಿಂತು, ಇನ್ನು ಮೇಲೆ ಧಾನ್ಯ ಬೇಡ, ಪ್ರತಿ ಕುಟುಂಬಕ್ಕೂ ಹೆಸರು ಬರೆದ ಒಂದು ಲಕೋಟೆ ಇರಲಿ, ಬಂದದ್ದರಲ್ಲಿ ಕಷ್ಟದಲ್ಲಿರುವವರ ಮನೆಗೆ ನಾವೇ ಹೋಗಿ ಸದ್ದಿಲ್ಲದೆ ಕೊಟ್ಟು ಬರೋಣ ಅಂದರು. "ಅಂಗಳದಲ್ಲಿ ಕೂರಿಸಿ ಊಟ ಹಾಕೋದು ನೋಡಿದೋರಿಗೆ ಬೇರೆ ಥರ ಕಾಣ್ತದೆ. ಉಣ್ಣೋರಿಗೂ ಮರ್ಯಾದೆ ಇದೆ" ಎಂದರು. ಬೆಂಚುಗಳು ತಲೆಯಾಡಿಸಿದವು. ಬಾಗಿಲಿನಿಂದ ಅತ್ತಿಗೆ, "ಉಣ್ಣೋರ್ನ ಕೇಳಿದೀಯೇನೋ?" ಅಂದರು.

"ಅಕ್ಕ, ಇದು ಕಮಿಟಿ."

"ಆಗಲಿ ಕಣೋ. ಕಾಣದಂಗೆ ಕೊಡೋದು ಒಳ್ಳೇದೇ. ಆದ್ರೆ ಆ ಶಾಂತಮ್ಮನ ಕೈನೂ ಕಾಣದಂಗೆ ಮಾಡ್ತೀರಲ್ಲ. ಅವಳು ಲಕೋಟೆಗೆ ಜೋಳ ತುಂಬ್ತಾಳಾ?"

ಯಾರೋ ನಕ್ಕರು. ತಾತನ ಮುಖ ಕೆಂಪಾಯಿತು. "ನಿನಗೇನು ಗೊತ್ತು ಆ ಚೀಲ ಹಿಡಿಯೋ ಕಷ್ಟ. ಹಿಡಿದೋನು ನಾನು" ಅಂದರು. ಅತ್ತಿಗೆಯ ದನಿ ಇಳಿಯಿತು. "ನೀನು ಇಡಿದೆ. ಅದರಲ್ಲಿದ್ದಿದ್ದನ್ನ ಉಂಡಿದ್ದು ನಾನೂ ಅಲ್ವೇನೋ. ನಂಗ್ಯಾಕೆ ನಾಚಿಕೆ ಆಗಲಿಲ್ಲ?" ಕಮಿಟಿ ಲಕೋಟೆಯನ್ನೇ ಒಪ್ಪಿತು. ಮುಂದಿನ ಭಾನುವಾರ ವೇದಿಕೆಯ ಕೆಳಗೆ ಕೊಳಗ ಇರಲಿಲ್ಲ. ಕಲ್ಲಿನ ಮೇಲೆ ಅದರ ತಳದ ದುಂಡನೆಯ ಗುರುತು ಮಾತ್ರ ಉಳಿದಿತ್ತು.

ನಿಮ್ಮ ತಾತ ಕೆಟ್ಟವರೆಂದು ಇದನ್ನು ಓದಬೇಡಿ. ಶೆಡ್ಡಿನಲ್ಲಿ ಒಬ್ಬನ ಕಾಲು ಮುರಿದಾಗ ಆಸ್ಪತ್ರೆಯ ಖರ್ಚು ಸಭೆಯಿಂದಲೇ ಹೋಯಿತು. ತಾತ ರಜೆ ಹಾಕಿ ಅವನ ಮಂಚದ ಪಕ್ಕ ಕೂತಿದ್ದರು, ಯಾರಿಗೂ ಹೇಳಲಿಲ್ಲ. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ, ಅತ್ತಿಗೆಯ ಮಾತಿನಲ್ಲಿಯೂ ಇರಲಿಲ್ಲ. ಅದೇ ದುಃಖ. ಶಾಂತಮ್ಮ ಒಂದು ಭಾನುವಾರ ಅಯ್ಯನವರ ಹತ್ತಿರ ಹೋಗಿ, "ನಮಗ ಲಕೋಟಿ ಇಲ್ಲೇನ್ರೀ?" ಎಂದು ಕೇಳಿದಳು. ಇಂದು ಇಲ್ಲಿ ನಾಳೆ ಎಲ್ಲೋ ಇರುವವರ ಹೆಸರು ಸಭೆಯ ಕುಟುಂಬಗಳ ಪಟ್ಟಿಯಲ್ಲಿ ಸೇರಿರಲಿಲ್ಲ. ಅಯ್ಯನವರು ಪ್ರೀತಿಯಿಂದಲೇ, "ನೀವು ಕೊಡೋದು ಬೇಡಮ್ಮ, ನಿಮಗೆ ಏನು ಬೇಕೋ ನಾವು ಕೊಡ್ತೀವಿ" ಅಂದರು. ಅವಳು ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಹಿಂದಕ್ಕೆ ಹೋದಳು. ಆ ಜೋಳವನ್ನು ಹೊರಗೆ ಬಂದು ಅತ್ತಿಗೆಯ ಚೀಲಕ್ಕೆ ಹಾಕಿದಳು. ಆಮೇಲೆ ಅವಳು ಬರಲಿಲ್ಲ. ಮಾದನಾಯಕನಹಳ್ಳಿಯ ಕಡೆ ಕೆಲಸ ಸಿಕ್ಕಿದೆಯೆಂದು ಕೇಳಿ ಅತ್ತಿಗೆ ಹುಡುಕಿಕೊಂಡು ಹೋದರು. ಅಲ್ಲಿ ಶೆಡ್ಡುಗಳನ್ನು ಕಿತ್ತು ತಗಡು ಒಟ್ಟಿದ್ದರಂತೆ.

ಅತ್ತಿಗೆ ಆರಾಧನೆ ಬಿಡಲಿಲ್ಲ. ಹಿಡಿ ತೆಗೆಯುವುದನ್ನೂ ಬಿಡಲಿಲ್ಲ. ಪ್ರತಿ ಭಾನುವಾರ ಅಕ್ಕಿಯ ಚೀಲವನ್ನು ತರುವರು, ಮಡಿಲಲ್ಲಿಟ್ಟುಕೊಂಡು ಕೂರುವರು, ಕಾಣಿಕೆಯ ಹಾಡಿಗೆ ಎದ್ದು ನಿಲ್ಲುವರು, ಹಾಡು ಮುಗಿದಾಗ ಕೂತು ಮತ್ತೆ ಮನೆಗೆ ತಂದು ಗಡಿಗೆಗೆ ಸುರಿಯುವರು. ಅದನ್ನು ನೋಡಲಾಗದೆ ತಾತ ಮುಂದಿನ ಸಾಲಿನಲ್ಲಿ ಕೂರತೊಡಗಿದರು. ನಾನು ಒಮ್ಮೆ, ಕೇಳಿದವರಿಗೆ ಕೊಟ್ಟುಬಿಡಬಹುದಲ್ಲ ಅತ್ತಿಗೆ ಅಂದೆ. "ಕೊಡ್ತಾನೇ ಇದೀನಿ. ಆದ್ರೆ ಅದು ನಾನು ಕೊಟ್ಟಂಗಾಯ್ತು ಸುಸೀಲಾ. ಎಲ್ಲಾರೂ ಕೊಟ್ಟಂಗಾಗಲಿಲ್ಲ" ಅಂದರು.

ಮನೆಯಲ್ಲಿ ಅಕ್ಕ ತಮ್ಮ ಮಾತು ಬಿಟ್ಟರು. ಅತ್ತಿಗೆ ತಮ್ಮ ಒಲೆಯನ್ನು ಹಿತ್ತಿಲ ಜಗಲಿಗೆ ಒಯ್ದರು, ಗಡಿಗೆಯನ್ನೂ ಒಯ್ದರು. ಮಧ್ಯದಲ್ಲಿ ನೀವೇ ಟಪಾಲಿನವರು. "ಜೋಯೆಲ್, ಮಾತ್ರೆ ತಗೊಂಡ್ಲಾ ಅಂತ ದೊಡ್ಡಜ್ಜೀನ ಕೇಳ್ಕೊಂಡು ಬಾ" ಎಂದು ತಾತ ಕಳಿಸಿದರೆ, "ತಗೊಳೋಕೆ ನಂಗೆ ಬಾಯಿ ಐತೆ, ಅದಕ್ಕೂ ಎಸ್ರು ಬರೆದ ಕವರ್ ಬೇಕಾ ಅಂತ ನಿಮ್ ತಾತನ್ನ ಕೇಳು" ಎಂದು ಅವರು ತಿರುಗಿ ಕಳಿಸುವರು. ನೀನು ಅರ್ಧ ದಾರಿಯಲ್ಲಿ ಮರೆತು ಬರಿ "ಬಾಯಿ ಐತಂತೆ" ಎನ್ನುತ್ತಿದ್ದೆ. ತಾತ ನಗು ತಡೆದುಕೊಳ್ಳುತ್ತಿದ್ದರು. ನಾನು ಎರಡು ಒಲೆಗಳ ನಡುವಿನ ಹೆಂಗಸು. ದಿನವೂ ಅಕ್ಕಿ ಅಳೆದ ಮೇಲೆ ನನ್ನ ಹಿಡಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಿಲಿಗೆ ಹೋಗಿ ಅತ್ತಿಗೆಯ ಗಡಿಗೆಗೆ ಹಾಕಿ ಬರುತ್ತಿದ್ದೆ. ಅವರು ನೋಡಿಯೂ ನೋಡದ ಹಾಗೆ ಸೊಪ್ಪು ಸೋಸುತ್ತಿರುವರು.

ಹೀಗೆ ಕೆಲವು ವರ್ಷ ಹೋದವು. ಒಂದು ಬೇಸಿಗೆಯಲ್ಲಿ ಅತ್ತಿಗೆ ಹಾಸಿಗೆ ಹಿಡಿದರು. ಕೊನೆಯ ದಿನಗಳಲ್ಲಿ ತಾತ ಅವರ ಕಾಲ ಬಳಿ ಕೂತಿರುತ್ತಿದ್ದರು. ಆಗಲೂ ಮಾತಿಲ್ಲ. ಕಾಲು ಒತ್ತುತ್ತಿದ್ದರು, ಅವರು ಒತ್ತಿಸಿಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ಒತ್ತುವ ಕೈ ಹಾಗೇ ನಿಂತಿತು.

ಮಣ್ಣು ಮಾಡಿ ಬಂದು, ನೆಂಟರೆಲ್ಲ ಹೋದ ಮೇಲೆ, ತಾತ ಹಿತ್ತಿಲಿಗೆ ಹೋಗಿ ಗಡಿಗೆಯನ್ನು ತಾವೇ ತಂದು ನನ್ನ ಮುಂದಿಟ್ಟರು. ಕಂಠದವರೆಗೆ ತುಂಬಿತ್ತು. ಅತ್ತಿಗೆಯ ರೇಷನ್ ಅಕ್ಕಿ, ನನ್ನ ಸಣ್ಣಕ್ಕಿ, ನಡುನಡುವೆ ಶಾಂತಮ್ಮನ ಜೋಳದ ಕಾಳು. ತಳದ್ದು ಖಾಲಿಯಾಗಲು ಅತ್ತಿಗೆ ಎಂದೂ ಬಿಟ್ಟಿರಲಿಲ್ಲ. "ಇದನ್ನ ಬೇಯಿಸು" ಅಂದರು. ನಾನು ಜರಡಿ ಹಿಡಿದೆ, ದಪ್ಪದ್ದನ್ನು ಮೊದಲು ಹಾಕಿದೆ, ಒದ್ದೆ ಗೋಣಿ ಮುಚ್ಚಿದೆ. ಅವರ ಕೈಯ ಹದ ನನಗೆ ಬರಲಿಲ್ಲ. ಮುಚ್ಚಳ ತೆಗೆದಾಗ ಹಾಲಿನ ವಾಸನೆ, ಗೋಣಿಯ ವಾಸನೆ ಒಟ್ಟಿಗೆ ಎದ್ದವು. ಎಂದೂ ಆ ಅನ್ನ ಮುಟ್ಟದಿದ್ದ ತಾತ ತಟ್ಟೆ ಹಾಕಿಕೊಂಡು ಕೂತರು. ಒಂದೊಂದು ತುತ್ತನ್ನೂ ಬಹಳ ಹೊತ್ತು ಅಗಿದರು. ಬೇಯದ ಜೋಳ ಅವರ ಹಲ್ಲಿನಲ್ಲಿ ಕಟಕಟ ಎನ್ನುವುದು ನನಗೆ ಕೇಳುತ್ತಿತ್ತು. ಆಮೇಲೆ ತಲೆ ಎತ್ತದೆ, "ಎಲ್ಲಾರದ್ದೂ ಇದೆ ಇದರಲ್ಲಿ. ನಂದೊಂದಿಲ್ಲ" ಅಂದರು.

ಅವರ ಮಾತಿಗೆ ನಾನು ಎದುರು ಮಾತಾಡಿದವಳಲ್ಲ. ಅವತ್ತು ಹೇಗೋ ಗಂಟಲು ಬಿಟ್ಟುಕೊಂಡಿತು. "ನಿಮ್ದೂ ಇದೆ. ನಾನು ಹಾಕಿದ್ದೆಲ್ಲ ನಿಮಗೆ ಅಳೆದ ಅಕ್ಕೀಲಿ ತೆಗೆದಿದ್ದೇ. ಒಂದಿನಾನೂ ಬಿಟ್ಟಿಲ್ಲ" ಅಂದೆ. ಅವರು ಕೈಯನ್ನು ಅನ್ನದಲ್ಲೇ ಇಟ್ಟುಕೊಂಡು ಕೂತರು. ಗೂಡಿನ ಮೇಲೆ ಲೋಟಗಳು ಸದ್ದು ಮಾಡಿದವು, ಹೊರಗೆ ಲಾರಿ ಹೋಯಿತು. ಆಮೇಲೆ ಅವರು ತಟ್ಟೆಯನ್ನು ನನ್ನ ಕಡೆ ಚಾಚಿದರು, ಇನ್ನೊಂದು ಸಲ ಬಡಿಸೆಂದು.

ಮುಂದಿನ ವಾರ ಅವರು ಕೊಳಗವನ್ನು ಮತ್ತೆ ಇಡೋಣವೆಂದು ಕೇಳಲು ದೇವಾಲಯಕ್ಕೆ ಹೋದರು. ಹೊಸ ಮೈಕಿನ ದುಡ್ಡಿಗಾಗಿ ಅದು ಹಳೇ ಹಿತ್ತಾಳೆಯ ಜೊತೆ ಗುಜರಿಗೆ ಹೋಗಿತ್ತಂತೆ. ಮನೆಗಳಲ್ಲಿ ಗಡಿಗೆಗಳೂ ಇರಲಿಲ್ಲ. ಬಂದು ಹೊಂಗೆ ಮರದ ಕೆಳಗೆ ಕೂತವರು ಕತ್ತಲಾಗುವವರೆಗೆ ಏಳಲಿಲ್ಲ. ಕೆಲವು ವರ್ಷಕ್ಕೆ ಅವರೂ ಹೋದರು. ಮನೆ ಮಾರಾಟವಾಯಿತು, ಮರ ಹೋಯಿತು, ಆ ಜಾಗದಲ್ಲಿ ಈಗ ನೀಲಿ ತಗಡಿನ ಗೋದಾಮು. ಬಸ್ಸು ಮೇಲ್ಸೇತುವೆ ಹತ್ತಿ ಸರ್ರನೆ ದಾಟಿಬಿಡುತ್ತದೆ. ನಾನು ಕಿಟಕಿಯ ಕಡೆ ತಿರುಗುವಷ್ಟರಲ್ಲಿ ಮುಂದಿನ ಸ್ಟಾಪು.

ಈ ಮನೆಯ ಅಡುಗೆ ಕಟ್ಟೆಯ ಹಿಂದೆ, ಗ್ಯಾಸಿನ ಮರೆಯಲ್ಲಿ, ನಾನು ಇಟ್ಟಿರುವ ಪ್ಲಾಸ್ಟಿಕ್ ಡಬ್ಬಿ ಯಾತಕ್ಕೆಂದು ಕೃಪಾ ಒಮ್ಮೆ ಕೇಳಿದ್ದಳು. ಆ ಗಡಿಗೆಯ ಬದಲಿಗೆ ಈಗ ಇರುವುದು ಅದೇ. ನಿಮಗೆಂದು ಅಳೆದದ್ದರಲ್ಲಿ ಈಗಲೂ ಒಂದು ಹಿಡಿ ತೆಗೆಯುತ್ತೇನೆ. ತುಂಬಿದಾಗ ಕೆಳಗೆ ಗೇಟಿನವರಿಗೆ, ಕಸ ಒಯ್ಯುವವರಿಗೆ ಕೊಡುತ್ತೇನೆ. ಸುರಿಯಲು ಕೊಳಗ ಮಾತ್ರ ಸಿಕ್ಕಿಲ್ಲ. ನನ್ನ ಕಾಲ ಮುಗಿದ ಮೇಲೆ ಅದರಲ್ಲಿ ಉಳಿದದ್ದನ್ನು ನೀವಿಬ್ಬರೂ ಒಟ್ಟಿಗೆ ಬೇಯಿಸಿ ಉಣ್ಣಿ. ಒಂದೇ ಸಮ ಬೇಯುವುದಿಲ್ಲ, ತಟ್ಟೆ ಸರಿಸಬೇಡಿ. ನಿಮ್ಮ ಪಾಲೂ ಅದರಲ್ಲಿದೆ.

ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಮಕ್ಕಳೇ. ಅಕ್ಕಿಗೆ ಹುಳು ಬೀಳದಿರಲೆಂದು ಹಾಕುವಂತೆ ನಡುವೆ ಎರಡು ಒಣಗಿದ ಬೇವಿನೆಲೆ ಇಟ್ಟಿದ್ದೇನೆ. ಅವನ್ನು ತೆಗೆಯಬೇಡಿ.